ಕ್ಯಾಂಟೀನಿಗೆ ಹೋದ ತೂಕದ ಮಿಷನ್

೬ ಫೆಬ್ರವರಿ ೧೯೮೪, ಸೋಮವಾರ

ಬೆಳಿಗ್ಗೆ ಔಷಧ ವಿಭಾಗದ ಫ್ರಿಜ್ ತೆರೆದರೆ ವಿನ್‌ಕ್ರಿಸ್ಟಿನ್ ಸೀಸೆಗಳಿಗೆ ಒರಗಿಕೊಂಡು ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಬಂಗುಡೆ ಪುಳಿಮುಂಚಿ! ಕ್ಯಾನ್ಸರಿನ ಮದ್ದು ಇಡುವ ಜಾಗದಲ್ಲಿ ಯಾರದೋ ಮಧ್ಯಾಹ್ನದ ಮೀನುಸಾರು. ಥೂ! ಯಾರದ್ದು ಇದು ಎಂದು ಕೂಗಿದರೆ ಎಲ್ಲರೂ ಮಾಡಿನ ಹಂಚು ನೋಡುತ್ತಾ ನಿಂತರು. ಹೆಂಗಸರ ವಾರ್ಡಿನ ರಮಾಮಣಿ ಸಿಸ್ಟರ್ ಮಾತ್ರ, "ಎಂತ ಭಟ್ರೇ, ಮುಚ್ಚಳ ಉಂಟಲ್ಲ, ಮೀನು ಹಾರಿ ಬರ್ತದಾ?" ಎಂದು ನಕ್ಕರು. ಡಬ್ಬಿ ಯಾರದ್ದೆಂದು ಅವರಿಗೆ ಗೊತ್ತು, ಹೇಳುವುದಿಲ್ಲ.

ಮಧ್ಯಾಹ್ನ ಹೊಸ ಡಾಕ್ಟರು ಜೋಕಿಮ್ ಕರೆಸಿದರು. ಬೊಂಬಾಯಿಯಲ್ಲಿ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡಿ ಈಗ ಉಡುಪಿಯ ನಮ್ಮ ಆಸ್ಪತ್ರೆಗೆ ಬಂದವರು. ಮಾತು ಕಡಿಮೆ, ಅಂಗಿ ಶುಭ್ರ. ಮೇಜಿನ ಮೇಲೆ ಮೂರು ಚೀಟಿ ಹರಡಿದ್ದರು. ಕಾಯಿಲೆ ಒಂದೇ, ಮದ್ದು ಒಂದೇ, ಮೂವರು ರೋಗಿಗಳ ಮೈಕಟ್ಟೂ ಹೆಚ್ಚು ಕಡಿಮೆ ಒಂದೇ. ಡೋಸ್ ಮಾತ್ರ ಮೂರು ತರ. ಒಬ್ಬ ಡಾಕ್ಟರು ಕಣ್ಣಂದಾಜಿನಲ್ಲಿ ಬರೆಯುತ್ತಾರೆ, ಒಬ್ಬರು ಸೀಸೆ ಪೂರ್ತಿ ಮುಗಿಯುವ ಹಾಗೆ ಬರೆಯುತ್ತಾರೆ, ಇನ್ನೊಬ್ಬರು ಹೋದ ವರ್ಷ ಬರೆದದ್ದನ್ನೇ ಬರೆಯುತ್ತಾರೆ.

"ಭಟ್ರೇ, ಇದೆಂತ ಆಸ್ಪತ್ರೆಯಾ, ಅಡಿಗೆಮನೆಯಾ? ರುಚಿಗೆ ತಕ್ಕಷ್ಟು ಹಾಕ್ಲಿಕ್ಕೆ?" ಎಂದರು. "ಒಂದು ಚಾರ್ಟ್ ಮಾಡುವ. ಇಷ್ಟು ತೂಕಕ್ಕೆ ಇಷ್ಟು ಮದ್ದು. ಯಾರು ಬರೆದರೂ ಅದೇ."

ಈ ಕಟ್ಟಡದಲ್ಲಿ ಒಬ್ಬ ಮನುಷ್ಯ ಸ್ವಚ್ಛವಾದ ಮಾತಾಡಿದ್ದು ಇದೇ ಮೊದಲು. ಕೆಲಸ ಮಾತ್ರ ನನ್ನ ತಲೆಗೇ ಬಂತು.

೨೨ ಫೆಬ್ರವರಿ, ಬುಧವಾರ

ಚಾರ್ಟ್ ಮುಗಿಯಿತು. ಎಡಗಡೆ ರೋಗಿಯ ತೂಕ, ಮೇಲೆ ಮದ್ದುಗಳ ಹೆಸರು, ಎರಡೂ ಸೇರುವಲ್ಲಿ ಡೋಸ್. ಸೀಸೆಯಲ್ಲಿ ಉಳಿದ ಮದ್ದು ಚರಂಡಿಗೆ ಹೋಗದ ಹಾಗೆ ಸಣ್ಣಪುಟ್ಟ ಹೆಚ್ಚುಕಡಿಮೆ ಸರಿಮಾಡಿದ್ದೇನೆ. ಜೋಕಿಮ್ ಎರಡು ಸಲ ಪರೀಕ್ಷಿಸಿ ಸಹಿ ಹಾಕಿದರು. ಉಳಿದ ಮೂವರು ಡಾಕ್ಟರು ಹಾಕಿಲ್ಲ. ಅವರಲ್ಲೊಬ್ಬರು ನನ್ನ ಚಾರ್ಟಿನ ಮೇಲೆ ಚಹಾದ ಗ್ಲಾಸ್ ಇಟ್ಟಿದ್ದರು. ದುಂಡಗೆ ಕಲೆ. ನೋಡಿ ಮೈ ಉರಿಯಿತು. ಇನ್ನೊಂದು ಪ್ರತಿ ಬರೆಯಬೇಕು.

ಅದು ಗೋಡೆಗೆ ಬಂದರೆ ನನಗೆ ದೊಡ್ಡ ನೆಮ್ಮದಿ. ಚೀಟಿ ಕಿಟಕಿಯಿಂದ ಒಳಗೆ ಬರುತ್ತದೆ, ಮದ್ದು ಕಿಟಕಿಯಿಂದ ಹೊರಗೆ ಹೋಗುತ್ತದೆ, ಅಷ್ಟೇ. ರೋಗಿಯ ಮುಖ ನೋಡಬೇಕಿಲ್ಲ. ವಾಂತಿ, ಬೆವರು, ಕೀವು ಯಾವುದೂ ನನ್ನ ಪಾಲಿಗಲ್ಲ. ಕಾಪುವಿನಲ್ಲಿ ಅರ್ಚಕರ ಮನೆಯಲ್ಲಿ ಹುಟ್ಟಿ ನಾನು ಈ ಕೆಲಸಕ್ಕೆ ಸೇರಿದ್ದೇ ಸಾಲಾಗಿ ನಿಂತ ಶುಭ್ರ ಸೀಸೆಗಳನ್ನು ನೋಡಿ, ಮನುಷ್ಯರನ್ನು ನೋಡಿ ಅಲ್ಲ. ಮನೆಗೆ ಬಂದು ಕೈ ತೊಳೆಯುತ್ತಿದ್ದರೆ ಹೆಂಡತಿ ವೇದಾವತಿ, "ಹೀಗೆ ತಿಕ್ಕಿದರೆ ಒಂದು ದಿನ ನಿಮ್ಮ ಕೈರೇಖೆಯೇ ಹೋದೀತು" ಎನ್ನುತ್ತಾಳೆ. ಹೋದರೆ ಹೋಗಲಿ.

೫ ಮಾರ್ಚ್, ಸೋಮವಾರ

ಏಳನೇ ಬೆಡ್ಡಿನವಳ ಗಂಡ ಇವತ್ತು ಕಿಟಕಿಯೊಳಗೆ ಅರ್ಧ ಮೈ ತುರುಕಿದ. ಅಜೆಕಾರಿನ ದರ್ಜಿ, ಕರುಣಾಕರ ಎಂದು ಹೆಸರು. ಹೆಂಡತಿಗೆ ಕುತ್ತಿಗೆಯ ಗಡ್ಡೆಗಳ ಕ್ಯಾನ್ಸರ್. ತಿಂಗಳಿಗೊಮ್ಮೆ ಬಂದು ಇಂಜೆಕ್ಷನ್ ತೆಗೆದುಕೊಳ್ಳಬೇಕು, ಇದು ಎರಡನೆಯ ಸಲ. "ಗಡ್ಡೆ ಕರಗಿದೆ ಭಟ್ರೇ! ಇದು ಪೂರ್ತಿ ಗುಣ ಆಗುವ ಜಾತಿಯದ್ದಂತೆ. ಆರು ಸಲ ಬಿಡದೆ ತೆಗೊಂಡ್ರೆ ಸಾಕಂತೆ, ಡಾಕ್ಟ್ರು ಹೇಳಿದ್ರು" ಎಂದು ತನ್ನದೇ ಕುತ್ತಿಗೆ ಮುಟ್ಟಿ ಮುಟ್ಟಿ ತೋರಿಸಿದ. ಎಲೆಅಡಿಕೆಯ ಎಂಜಲು ನನ್ನ ಕೌಂಟರಿಗೆ ಹಾರಿತು. ಮೂರು ಸಲ ಸ್ಪಿರಿಟ್ ಹಾಕಿ ಒರೆಸಿದೆ. ಸಂತೋಷವನ್ನು ಬಾಯಿ ಮುಚ್ಚಿಕೊಂಡು ಪಡಬಾರದೇ ಈ ಜನ?

೨ ಏಪ್ರಿಲ್, ಸೋಮವಾರ

ಅಂತೂ ಎಲ್ಲರ ಸಹಿ ಬಿತ್ತು. ಚಾರ್ಟಿಗೆ ಗಾಜು ಹಾಕಿಸಿ ಗೋಡೆಗೆ ತೂಗಿಸಿದೆ. ಅದರ ಪ್ರಕಾರ ಹೋದ ಮೊದಲ ಮದ್ದು ಏಳನೇ ಬೆಡ್ಡಿಗೆ. ತೂಕ ಐವತ್ತನಾಲ್ಕು ಎಂದು ಚೀಟಿಯಲ್ಲಿತ್ತು. ಸಾಲು ಹಿಡಿದು ಬೆರಳು ಓಡಿಸಿದೆ, ಡೋಸ್ ಸಿಕ್ಕಿತು, ಬೆರೆಸಿ ಕಳುಹಿಸಿದೆ. ಎಷ್ಟು ಸಲೀಸು!

ದರ್ಜಿ ಕೌಂಟರಿನ ಮೇಲೆ ಒಂದು ಬಾಳೆಹಣ್ಣು ಇಟ್ಟು, "ಪ್ರಸಾದ ಭಟ್ರೇ, ಹರಕೆ ತೀರಿಸಿದೆವು" ಎಂದ. ಹಣ್ಣು ಕಪ್ಪಾಗಿ ಮೆತ್ತಗಾಗಿತ್ತು, ಅವನ ಅಂಗೈಯ ಬೆವರಿನಿಂದ ಹಸಿಯಾಗಿತ್ತು. ಕೈಮುಗಿದು ತೆಗೆದುಕೊಂಡೆ. ಅವನು ಆಚೆ ಹೋದ ಮೇಲೆ ಕಸದ ಬುಟ್ಟಿಗೆ ಹಾಕಿದೆ. ದೇವರು ಕ್ಷಮಿಸಲಿ.

೧೨ ಏಪ್ರಿಲ್, ಗುರುವಾರ

ಇಂಥ ದಿನ ಬೇಡ. ವೈರಿಗೂ ಬೇಡ.

ಬೆಳಿಗ್ಗೆ ಜೋಕಿಮ್ ಫೋನ್ ಮಾಡಿ, "ಭಟ್ರೇ, ಮೇಲೆ ವಾರ್ಡಿಗೆ ಬನ್ನಿ" ಎಂದರು. ವಾರ್ಡಿಗೆ ನಾನೇಕೆ ಎಂದೆ. "ಬನ್ನಿ" ಎಂದು ಇಟ್ಟುಬಿಟ್ಟರು. ಕರವಸ್ತ್ರ ಮೂಗಿಗೆ ಹಿಡಿದು ಮೆಟ್ಟಿಲು ಹತ್ತಿದೆ. ಫಿನಾಯಿಲು, ಮೂತ್ರ, ಕೊಳೆತ ಹೂವು, ಎಲ್ಲ ಸೇರಿ ಒಂದೇ ನಾತ. ಏಳನೇ ಬೆಡ್ಡಿನಲ್ಲಿ ಒಬ್ಬ ಹೆಂಗಸು ಬಾಯಿ ತೆರೆದು ಮಲಗಿದ್ದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ನಾಲಗೆಯೆಲ್ಲ ಬಿಳಿ ಹುಣ್ಣು, ಎಂಜಲು ನುಂಗಲಾರದೆ ದಿಂಬು ಒದ್ದೆ. ಊರಿನಲ್ಲಿ ಜ್ವರ ಬಂದು ನಿನ್ನೆ ಸಂಜೆ ಕರೆತಂದರಂತೆ. ರಕ್ತದ ಬಿಳಿಕಣಗಳು ಪಾತಾಳಕ್ಕೆ ಇಳಿದಿವೆ. ಕುಶಲಾ ಎಂದು ಹೆಸರು. ಮೂವತ್ತೂ ಆಗಿರಲಿಕ್ಕಿಲ್ಲ.

"ಏನು ಕೊಟ್ಟಿರಿ ಇವರಿಗೆ?" ಎಂದು ಜೋಕಿಮ್ ಕೇಳಿದರು.

"ಚಾರ್ಟಿನಲ್ಲಿ ಇದ್ದದ್ದು. ಐವತ್ತನಾಲ್ಕು ಕಿಲೋಕ್ಕೆ ಎಷ್ಟೋ ಅಷ್ಟು."

ಹೇಳುವಾಗಲೇ ಚಾದರದ ಹೊರಗಿದ್ದ ಅವಳ ಕೈ ಕಣ್ಣಿಗೆ ಬಿತ್ತು. ಬಳೆ ಮೊಣಕೈವರೆಗೆ ಜಾರಿ ಹೋಗಿತ್ತು. ಇದು ಐವತ್ತನಾಲ್ಕು ಕಿಲೋದ ಹೆಂಗಸಿನ ಕೈಯೇ?

"ತೂಗಿದ್ದು ಯಾರು?" ಎಂದೆ.

ರಮಾಮಣಿ ಸಿಸ್ಟರ್ ಸೆರಗು ಸರಿಮಾಡಿಕೊಂಡರು. "ತೂಗ್ಲಿಕ್ಕೆ ಮಿಷನ್ ಎಲ್ಲಿ ಉಂಟು? ಕ್ಯಾಂಟೀನಿನವರು ಬೆಲ್ಲ ತೂಗ್ಲಿಕ್ಕೆ ಅಂತ ತೆಗೊಂಡು ಹೋದದ್ದು ದೀಪಾವಳಿಯ ಮೊದಲು. ನಾವು ಮನೆಯವರನ್ನು ಕೇಳಿ ಬರೀತೇವೆ."

ದರ್ಜಿ ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ. ಒಂದೂವರೆ ವರ್ಷದ ಹೆಣ್ಣು ಮಗು, ಸ್ವರ್ಣಲತಾ. ಕೇಳಿದ್ದಕ್ಕೆ ಎದೆ ಸೆಟೆಸಿ ಹೇಳಿದ: "ಸುಳ್ಳಲ್ಲ ಭಟ್ರೇ, ದೇವರ ಎದುರು ತೂಗಿದ್ದು. ಗಡ್ಡೆ ಕರಗಿದ್ದಕ್ಕೆ ಊರ ದೇವಸ್ಥಾನದಲ್ಲಿ ತುಲಾಭಾರ ಮಾಡ್ಸಿದೆವು ಅಲ್ವಾ? ಬಾಳೆಹಣ್ಣು ಐವತ್ತನಾಲ್ಕು ಕಿಲೋ ಆಯ್ತು."

"ಇವರು ಒಬ್ಬರೇ ಕೂತಿದ್ದರಾ ತಕ್ಕಡಿಯಲ್ಲಿ?"

"ಮಗುವನ್ನು ಬಿಟ್ಟು ಹೇಗೆ ಕೂರುವುದು? ಮಡಿಲಲ್ಲಿ ಕೂರಿಸಿಕೊಂಡಿದ್ಳು, ಹರಕೆ ಇಬ್ಬರದ್ದೂ. ಮತ್ತೆ ಮದುವೆಯ ಸೀರೆ, ಅವಳ ಅಮ್ಮನ ಚಿನ್ನ. ಸಮ ಬಂದ ಮೇಲೆ ನಾನು ಇನ್ನೂ ನಾಲ್ಕು ಚಿಪ್ಪು ಹಣ್ಣು ಜಾಸ್ತಿ ಇಟ್ಟೆ. ದೇವರಿಗೆ ಸಮ ಮಾಡಿ ಕೊಡ್ಲಿಕ್ಕೆ ಆಗ್ತದಾ? ತಟ್ಟೆ ದೇವರ ಕಡೆಗೇ ಬಾಗಬೇಕು."

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅಷ್ಟು ಅಸಹ್ಯ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಅವನು ಹೇಳಿದ, ಸಿಸ್ಟರ್ ಬರೆದರು, ಡಾಕ್ಟರು ಸಹಿ ಹಾಕಿದರು, ನಾನು ಬೆರಳು ಓಡಿಸಿದೆ. ಹೆಚ್ಚೆಂದರೆ ನಲವತ್ತು ಕಿಲೋದ ಮೈಗೆ ಐವತ್ತನಾಲ್ಕು ಕಿಲೋದ ವಿಷ. ಮಗುವಿನ ಪಾಲಿನದು, ಸೀರೆ ಚಿನ್ನದ ಪಾಲಿನದು, ದೇವರ ನಾಲ್ಕು ಚಿಪ್ಪಿನ ಪಾಲಿನದು, ಎಲ್ಲ ಇವಳ ರಕ್ತನಾಳಕ್ಕೇ ಹೋಯಿತು.

ಜೋಕಿಮ್ ಕೂಗಾಡಲಿಲ್ಲ. ರಕ್ತ ಕೊಡುವವರನ್ನು ಹುಡುಕಲು ಮಣಿಪಾಲಕ್ಕೆ ಫೋನ್ ಮಾಡಿದರು, ಆಂಟಿಬಯೋಟಿಕ್ ಬರೆದರು, ಆಮೇಲೆ ದರ್ಜಿಯನ್ನು ಕೂರಿಸಿ ನೇರವಾಗಿ ಹೇಳಿದರು. "ಮದ್ದು ಹೆಚ್ಚಾಗಿದೆ. ತೂಕ ತಪ್ಪಾಗಿತ್ತು. ನಾವೇ ತೂಗಬೇಕಿತ್ತು, ತೂಗಲಿಲ್ಲ." ಅವನಿಗೆ ಅರ್ಥವಾಯಿತೋ ಇಲ್ಲವೋ. ಮಗುವಿನ ತಲೆ ಸವರುತ್ತಾ ಕುಳಿತಿದ್ದ.

೧೪ ಏಪ್ರಿಲ್, ಶನಿವಾರ. ಬಿಸು

ಹೊಸ ವರ್ಷದ ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ. ರಜೆಯಾದರೂ ಆಸ್ಪತ್ರೆಗೆ ಹೋದೆ, ಫ್ರಿಜ್ ಸರಿಯಾಗಿ ಮುಚ್ಚಿದ್ದಾರೋ ಇಲ್ಲವೋ ನೋಡಲು. ಮುಚ್ಚಿದ್ದರು. ಹೇಗೂ ಬಂದೆನಲ್ಲ ಎಂದು ವಾರ್ಡಿಗೂ ಹೋದೆ. ಜ್ವರ ಇಳಿದಿಲ್ಲ.

೧೬ ಏಪ್ರಿಲ್, ಸೋಮವಾರ

ಕ್ಯಾಂಟೀನಿಗೆ ನುಗ್ಗಿದೆ. ತೂಕದ ಮಿಷನ್ ಈರುಳ್ಳಿ ಚೀಲಗಳ ಹಿಂದೆ ಇತ್ತು. ನಿಲ್ಲುವ ಹಲಗೆಯ ಮೇಲೆ ಬೆಲ್ಲ ಕರಗಿ ಗಟ್ಟಿಯಾಗಿ, ಅದಕ್ಕೆ ಇರುವೆ, ಇರುವೆಯ ಮೇಲೆ ಈರುಳ್ಳಿ ಸಿಪ್ಪೆ, ಅದರಡಿ ಒಂದು ಸತ್ತ ಹಲ್ಲಿ. ಛೀ ಛೀ ಛೀ!

ಕ್ಯಾಂಟೀನಿನ ಜೋನ್, "ಎಂತ ಮಾರಾಯ್ರೆ, ಆಸ್ಪತ್ರೆಯಲ್ಲಿ ಮನುಷ್ಯರನ್ನು ತೂಗಿ ಎಂತ ಮಾಡ್ತೀರಿ? ಮಾರ್ತೀರಾ?" ಎಂದ.

"ಹೌದು, ಮೊದಲು ನಿನ್ನನ್ನೇ ಮಾರುವುದು" ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಅಟೆಂಡರ್ ಬರುವವರೆಗೆ ಕಾಯಲು ಮನಸ್ಸಾಗಲಿಲ್ಲ. ಬಿಸಿನೀರು, ಸೋಡ, ತೆಂಗಿನ ನಾರು ಹಿಡಿದು ನಾನೇ ಉಜ್ಜಿದೆ. ಉಗುರಿನ ಸಂದಿಯೆಲ್ಲ ಬೆಲ್ಲ. ಸರಕಾರದ ಮುದ್ರೆ ಇರುವ ತೂಕದ ಕಲ್ಲುಗಳನ್ನು ಇಟ್ಟು ಪರೀಕ್ಷಿಸಿದರೆ ಮುಳ್ಳು ಸರಿಯಾಗಿಯೇ ನಿಂತಿತು. ಇಷ್ಟು ದಿನ ಈರುಳ್ಳಿಗೆ ಸರಿಯಾದ ತೂಕ ಸಿಕ್ಕಿದೆ, ಮನುಷ್ಯರಿಗೆ ಸಿಕ್ಕಿಲ್ಲ.

ಸಂಜೆ ಚಾರ್ಟನ್ನು ಗೋಡೆಯಿಂದ ಇಳಿಸಿ ಹರಿಯಲು ಹೊರಟಿದ್ದೆ. ನೋಡಿದರೇ ಹೇಸಿಗೆ ಆಗುತ್ತಿತ್ತು. ಜೋಕಿಮ್ ಕೈ ಹಿಡಿದರು. "ಹರಿಯಬೇಡಿ ಭಟ್ರೇ. ಚಾರ್ಟ್ ಎಂತ ತಪ್ಪು ಮಾಡಿದೆ?" ಹಾಗಾದರೆ ಮುಂದಿನ ಸಲ ಇವಳಿಗೆ ಅರ್ಧ ಡೋಸ್ ಕೊಡೋಣ, ಅಪಾಯವಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. "ಅರ್ಧ ಕೊಟ್ಟರೆ ಇವರಿಗೆ ಸುಖ, ರೋಗಕ್ಕೂ ಸುಖ. ಗಡ್ಡೆ ಮತ್ತೆ ಬರ್ತದೆ, ಬಂದರೆ ಆಮೇಲೆ ಈ ಮದ್ದಿಗೆ ಬಗ್ಗುವುದಿಲ್ಲ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಸರಿಯಾದ ತೂಕ ಬೇಕು, ಅಷ್ಟೇ."

ಇನ್ನು ಮುಂದೆ ಮದ್ದಿನ ದಿನವೇ ತೂಗದೆ ನನ್ನ ಕಿಟಕಿಯಿಂದ ಒಂದು ಹನಿಯೂ ಹೊರಗೆ ಹೋಗುವುದಿಲ್ಲ ಎಂದು ಬರೆದು ಅಂಟಿಸಿದೆ.

೨೪ ಏಪ್ರಿಲ್, ಮಂಗಳವಾರ

ಜ್ವರ ಬಿಟ್ಟಿತು. ಕಣಗಳು ಏರುತ್ತಿವೆ. ಕ್ಯಾಂಟೀನಿನ ಗಂಜಿ ಬಾಯಿಗೆ ಹಾಕುವ ಹಾಗಿಲ್ಲ, ಗೋಡೆಗೆ ಪೋಸ್ಟರ್ ಅಂಟಿಸಬಹುದು. ಹಾಗಾಗಿ ನಾಲ್ಕು ದಿನದಿಂದ ಮನೆಯಿಂದ ಹೆಸರುಬೇಳೆಯ ತೆಳು ಗಂಜಿ ಒಯ್ಯುತ್ತಿದ್ದೇನೆ. ಮನೆಯಲ್ಲಿ ಹೇಗೂ ಉಳಿಯುತ್ತದೆ. ವೇದಾವತಿ, "ಉಳಿಯುವುದಲ್ಲ, ನೀವೇ ಹೇಳಿ ಹೆಚ್ಚು ಮಾಡಿಸುವುದು" ಎಂದು ನಗುತ್ತಾಳೆ. ಅವಳಿಗೆ ಬೇರೆ ಕೆಲಸವಿಲ್ಲ.

ಕುಶಲಾ ಇವತ್ತು ಮಾತಾಡಿದಳು. "ಭಟ್ರೇ, ಉಪ್ಪು ಕಡಿಮೆ ಉಂಟು" ಎಂದಳು. ಎಂಥ ಸೊಕ್ಕು!

೩೦ ಏಪ್ರಿಲ್, ಸೋಮವಾರ

ನಾಲ್ಕನೆಯ ಇಂಜೆಕ್ಷನಿನ ದಿನ. ಮಿಷನ್ ಅನ್ನು ವಾರ್ಡಿಗೇ ತಳ್ಳಿಸಿಕೊಂಡು ಹೋದೆ. ದರ್ಜಿ ಅಡ್ಡ ನಿಂತ.

"ದೇವರ ತಕ್ಕಡಿಯಲ್ಲಿ ಕೂತವಳನ್ನು ಈ ಈರುಳ್ಳಿ ಮಿಷನ್ನಿನ ಮೇಲೆ ನಿಲ್ಲಿಸುವುದಾ? ಕೊಟ್ಟ ತೂಕವನ್ನು ಕಡಿಮೆ ಅಂತ ತೋರಿಸಿದರೆ ಹರಕೆ ನಿಲ್ತದಾ? ಜ್ವರ ಬಿಟ್ಟದ್ದು ಯಾರಿಂದ? ನಿಮ್ಮಿಂದಲಾ? ತೂಗುವುದು ಬೇಡ. ಮದ್ದು ಎಷ್ಟು ಬೇಕೋ ನೀವೇ ಅಂದಾಜು ಮಾಡಿ ಕೊಡಿ."

ಅಂದಾಜು! ಆ ಶಬ್ದ ಕೇಳಿದರೇ ನನಗೆ ಈಗ ವಾಕರಿಕೆ. ಕೊಡುವುದಿಲ್ಲ ಎಂದೆ. ಅವನು ಬಿಡುವುದಿಲ್ಲ ಎಂದ. ರಮಾಮಣಿ ಸಿಸ್ಟರ್ ಸಮಾಧಾನ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು.

೨ ಮೇ, ಬುಧವಾರ

ಇವತ್ತೂ ಇಲ್ಲ. ಜೋಕಿಮ್ ಅವಳ ಕುತ್ತಿಗೆ ಮುಟ್ಟಿ ನೋಡಿ ಹೊರಗೆ ಬಂದರು. ಎಡಗಡೆ ಕಡಲೆಯಷ್ಟು ಏನೋ ಕೈಗೆ ಸಿಗುತ್ತದಂತೆ. ಇನ್ನು ತಡಮಾಡಿದರೆ ಕೈ ಮೀರುತ್ತದೆ ಎಂದರು. ದರ್ಜಿಗೂ ಹೇಳಿದರು. ಅವನು ಕಾರ್ಕಳದ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸುತ್ತಿದ್ದನಂತೆ. ಹೆಂಡತಿಯನ್ನು ಕರೆದುಕೊಂಡು ಹೋಗಿಬಿಡುತ್ತಾನೋ ಏನೋ.

ಅಡ್ಡಗೋಡೆಯ ಹತ್ತಿರ ಒಬ್ಬನೇ ನಿಂತಿದ್ದಾಗ ಹಿಡಿದೆ. ಬೈಯಬೇಕೆಂದೇ ಹೋದದ್ದು. ಅವನು ಅಳುತ್ತಿದ್ದ, ಮೂಗು ಸುರಿಯುತ್ತಿತ್ತು. "ನಾನೇ ಹೇಳಿದ್ದಲ್ವಾ ಭಟ್ರೇ ಆ ತೂಕ. ಮತ್ತೆ ತೂಗಿದರೆ, ಅವಳನ್ನು ಕೊಲ್ಲಲಿಕ್ಕೆ ಹೊರಟದ್ದು ನಾನೇ ಅಂತ ಆಯ್ತಲ್ಲ" ಎಂದ. ನನ್ನ ಕರವಸ್ತ್ರ ಅವನಿಗೆ ಕೊಟ್ಟು ಬಂದೆ. ಇನ್ನು ಅದನ್ನು ವಾಪಸು ಪಡೆಯುವುದೂ ಹೇಸಿಗೆ.

೩ ಮೇ, ಗುರುವಾರ

ಬೆಳಿಗ್ಗೆ ವಾರ್ಡಿಗೆ ಹೋದಾಗ ಅವರ ಗಂಟುಮೂಟೆ ಕಟ್ಟಿ ಆಗಿತ್ತು. ಕುಶಲಾ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಗಂಡನನ್ನು ನೋಡದೆ ನನ್ನನ್ನು ನೋಡಿ, "ಮಿಷನ್ ತನ್ನಿ ಭಟ್ರೇ" ಎಂದಳು.

"ಕುಶಲಾ, ಬೇಡ" ಎಂದ ದರ್ಜಿ.

"ನೀವು ಸುಮ್ಮನಿರಿ. ಹಣ್ಣು ಕೊಟ್ಟದ್ದು ನೀವು, ಬಾಯಿ ಹುಣ್ಣಾದದ್ದು ನನಗೆ."

ಅವಳು ಎದ್ದು ನಿಂತಳು. ಆ ಮದ್ದಿನಿಂದ ಪಾದಗಳಲ್ಲಿ ಶಕ್ತಿಯೇ ಉಳಿದಿಲ್ಲ. ಸಿಸ್ಟರ್ ಹಿಡಿಯುವ ಮೊದಲೇ ಮೊಣಕಾಲು ಮಡಚಿತು. ಹತ್ತಿರ ಇದ್ದದ್ದು ನಾನು, ಬಾಚಿ ಹಿಡಿದೆ. ಹಿಡಿದ ಕೂಡಲೇ ನನ್ನ ಎದೆಯ ಮೇಲೆ ವಾಂತಿ ಮಾಡಿಕೊಂಡಳು. ಬಿಸಿಯಾಗಿ ಹೊಟ್ಟೆಯವರೆಗೂ ಇಳಿಯಿತು. ನಾನೇ ತಂದ ಗಂಜಿ. ಕೆಳಗಿಳಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ, ಅದಕ್ಕೇ ಇಳಿಸಲಿಲ್ಲ.

ಒಂಟಿಯಾಗಿ ನಿಲ್ಲಲಾರಳು. ನನ್ನ ತೂಕ ಅರವತ್ತೆರಡು, ಮಿಷನ್ ಉಜ್ಜಿದ ದಿನದಿಂದ ಪರೀಕ್ಷೆಗೆಂದು ದಿನಾ ನಾನೇ ಹತ್ತಿ ನೋಡುತ್ತೇನೆ. ಇಬ್ಬರೂ ಒಟ್ಟಿಗೆ ಹತ್ತಿ ಕಳೆದರಾಯಿತು ಎಂದು ಅವಳನ್ನು ಎತ್ತಿಕೊಂಡು ಹಲಗೆ ಹತ್ತಿದೆ. ಅಷ್ಟರಲ್ಲಿ ಮಗು "ಅಮ್ಮಾ" ಎಂದು ಓಡಿ ಬಂದು ತಾನೂ ಹಲಗೆ ಹತ್ತಿ, ಅಮ್ಮನ ಜೋತಾಡುವ ಸೆರಗು ಹಿಡಿದುಕೊಂಡಿತು. ಮುಳ್ಳು ಅತ್ತಿತ್ತ ಹಾರಿತು. ನನ್ನ ಎರಡೂ ಕೈ ಕಟ್ಟಿತ್ತು. ಸಿಸ್ಟರ್ ದರ್ಜಿಯ ಮುಖ ನೋಡಿದರು.

ಅವನು ಗಂಟು ಕೆಳಗಿಟ್ಟ. ಬಂದು ಮಗುವಿನ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿ, "ಬಾ ಮಗಾ. ಅಮ್ಮ ಒಬ್ಬಳೇ" ಎಂದು ಎತ್ತಿಕೊಂಡ. ಸೆರಗಿನ ತುದಿ ನೆಲಕ್ಕೆ ತಾಗುತ್ತಿತ್ತು, ಅದನ್ನೂ ಮಡಚಿ ಅವಳ ಹೊಟ್ಟೆಯ ಮೇಲೆ ಇಟ್ಟ.

ಮುಳ್ಳು ನಿಂತಿತು. ನೂರ ಒಂದು.

"ಎಷ್ಟು?" ಎಂದು ಕೇಳಿದಳು ಕುಶಲಾ, ನನ್ನ ಭುಜದಿಂದ ತಲೆ ಎತ್ತದೆ.

"ಮೂವತ್ತೊಂಬತ್ತು" ಎಂದೆ. ಇಷ್ಟು ಹಗುರದ ಜೀವಕ್ಕೆ ಅಷ್ಟು ಸುರಿದೆವಲ್ಲ, ಪಾಪಿಗಳು ನಾವು.

ಅವಳು ಗಂಡನಿಗೆ ಕೇಳಿಸುವ ಹಾಗೆ ಹೇಳಿದಳು. "ದೇವರಿಗೆ ಹೆಚ್ಚು ಹೋದದ್ದು ಹೋಗಲಿ, ಅದು ಸಂತೋಷಕ್ಕೆ ಕೊಟ್ಟದ್ದು. ಮದ್ದು ಮಾತ್ರ ನನ್ನಷ್ಟೇ ಕೊಡಿ."

ದರ್ಜಿ ಮಗುವಿನ ಮುಖಕ್ಕೆ ಮುಖ ಒತ್ತಿಕೊಂಡು, "ಕೊಡಿ ಭಟ್ರೇ" ಎಂದ.

ಅವಳಷ್ಟೇ ಕೊಟ್ಟೆ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಜೋಕಿಮ್ ಪಕ್ಕದಲ್ಲೇ ನಿಂತು ನೋಡಿದರು. ಸಂಜೆವರೆಗೂ ಅವಳ ಬೆಡ್ಡಿನ ಹತ್ತಿರವೇ ಕುಳಿತಿದ್ದೆ, ಕೆಳಗೆ ಕೆಲಸ ಕಡಿಮೆ ಇತ್ತು. ನಿದ್ದೆ ಮಾಡಿದಳು. ಇನ್ನು ಎರಡು ಸಲ.

ಮನೆಗೆ ಹೊರಟು ಕಾಪುವಿನ ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿದ್ದ ಇಸ್ತ್ರಿ ಅಂಗಿಯವನೊಬ್ಬ ನನ್ನ ಅಂಗಿಯ ಮೇಲೆ ಒಣಗಿದ ಗಂಜಿ ನೋಡಿ, ಮೂಗು ಮುಚ್ಚಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದ. ಥೂ, ಎಂಥ ಜನವೋ!